ನೀರಿಗೊಂದು ಕಿಂಡಿ

ಕ್ಲೇಲಿಯ ಮನೆ ಮರದ ಕಂಬಗಳ ಮೇಲೆ ಕೊಕ್ಕರೆಯ ಹಾಗೆ ನಿಂತಿತ್ತು. ಲೂಯಿಸಿಯಾನದ ತೆಂಕಣ ತುದಿಯಲ್ಲಿ, ಬಾಯೂ ಎಂದು ಕರೆಯುವ ಆ ಮಂದ ತೊರೆಯ ದಂಡೆಯಲ್ಲಿ, ಎಲ್ಲರ ಮನೆಯೂ ಹಾಗೆಯೇ. ಚಂಡಮಾರುತ ಎದ್ದಾಗಲೆಲ್ಲ ಸಮುದ್ರವೇ ಬಾಗಿಲಿಗೆ ಬಂದು ಹೋಗುವ ಊರು ಅದು. ಕ್ಲೇಲಿಯ ಮನೆಯಡಿ ಮಾತ್ರ, ಕಂಬಗಳ ನಡುವೆ, ನಾಲ್ಕು ಗೋಡೆಯ ಒಂದು ಕೋಣೆಯೂ ಇತ್ತು. ಕಾಲು ಸೋತು ಮೆಟ್ಟಿಲು ಹತ್ತಲಾರದ ಗಂಡ ಓವಿಡ್ ತಮ್ಮನ ಕೈಯಲ್ಲಿ ಕಟ್ಟಿಸಿಕೊಂಡದ್ದು. ಕಿಟಕಿಯಿಂದ ಸೀಗಡಿ ದೋಣಿಗಳನ್ನು ನೋಡುತ್ತ ಅಲ್ಲೇ ಅವನು ಕಣ್ಣು ಮುಚ್ಚಿದ. ಹಾಸಿಗೆ ಇನ್ನೂ ಹಾಗೇ ಇತ್ತು. ಸಂಜೆಯಾದರೆ ಕ್ಲೇಲಿ ಕಾಫಿ ಹಿಡಿದು ಇಳಿದುಬಂದು, ಯಾವ ದೋಣಿ ಬಂತು, ಯಾವುದು ಇನ್ನೂ ಬರಲಿಲ್ಲ ಎಂದು ಆ ಗೋಡೆಗೆ ಹೇಳಿ ಹೋಗುತ್ತಿದ್ದಳು.

ಈ ಸಲ ನೆರೆ ವಿಮೆಯ ಕಂತು ಅವಳ ಕೈಗೆಟುಕದಷ್ಟು ಏರಿತ್ತು. ವಿಮೆಯಿಲ್ಲದೆ ಮನೆ ಹೋದರೆ ಮತ್ತೆ ಕಟ್ಟುವಂತಿಲ್ಲ. ಸಮುದ್ರದಿಂದ ದೂರದ ಮೇಲೂರಿನಲ್ಲಿ ತಂಗಿಯ ಮನೆಯ ಮೂಲೆಯೇ ಗತಿ. ‘ಅವಳು ಮೇಲೂರಿಗೆ ಹೋದಳು’ ಎನ್ನುವಾಗ ದಂಡೆಯ ಜನ ಸತ್ತವರ ಸುದ್ದಿ ಹೇಳುವ ದನಿಯಲ್ಲೇ ಹೇಳುತ್ತಿದ್ದರು.

“ಎತ್ತರದ ಪತ್ರ ಮಾಡಿಸಿ ತನ್ನಿ,” ಎಂದಿದ್ದಳು ವಿಮೆ ಕಚೇರಿಯವಳು. ನೆರೆ ಎಲ್ಲಿಯವರೆಗೆ ಏರಬಹುದು, ಮನೆಯ ಅತಿ ಕೆಳಗಿನ ನೆಲ ಎಷ್ಟು ಎತ್ತರದಲ್ಲಿದೆ, ಎರಡನ್ನೂ ಅಳೆದು ಬರೆಯುವ ಕಾಗದ ಅದು. “ಮನೆ ಅಷ್ಟೆತ್ತರ ಇದ್ಯಲ್ಲ, ಕಂತು ಇಳಿಯುತ್ತೆ ಬಿಡಿ.”

ಅಳೆಯುವವನು ಬರುವ ಬೆಳಿಗ್ಗೆ ಮೈದುನ ಅಲ್ಸೀದ್ ಕೋಣೆಯ ಬಾಗಿಲಿಗೆ ಅಡ್ಡವಾಗಿ ಏಡಿ ಹಿಡಿಯುವ ಬೋನುಗಳನ್ನು ಪೇರಿಸತೊಡಗಿದ.

“ಏನೋ ಇದು?”

“ಸುಮ್ನಿರು ಅತ್ತಿಗೆ. ಕೇಳಿದ್ರೆ ಬಲೆ ಇಡೋ ಕೊಟ್ಟಿಗೆ ಅನ್ನು.”

“ಕೊಟ್ಟಿಗೆಗೆ ಏಸಿ ಯಾಕೋ?”

“ಬಲೆಗಳಿಗೂ ಸೆಕೆ ಆಗಲ್ವಾ!”

ಎಷ್ಟೋ ದಿನಗಳ ಮೇಲೆ ಕ್ಲೇಲಿ ನಕ್ಕಳು.

ಅಳೆಯಲು ಬಂದ ಫೇಬಿಯನ್ ಮುಕ್ಕಾಲಿಯ ಮೇಲೆ ದುರ್ಬೀನು ಕೂರಿಸಿ ನೆಲ ನೋಡಿದ, ಕಂಬ ನೋಡಿದ, ಕೊನೆಗೆ ಬೋನುಗಳ ಮುಂದೆ ನಿಂತ. “ಅಮ್ಮಾ, ಇದರ ಹಿಂದೆ ಏನಿದೆ?”

ಕ್ಲೇಲಿ ಬಾಯಿ ತೆರೆದಳು. ಓವಿಡ್ ಕೊನೆಯುಸಿರು ಬಿಟ್ಟ ಜಾಗವನ್ನು ಕೊಟ್ಟಿಗೆ ಎನ್ನಲು ನಾಲಿಗೆ ಏಳಲಿಲ್ಲ. ತಾನೇ ಬೋನುಗಳನ್ನು ಸರಿಸಿ ಕದ ತೆಗೆದಳು.

ಹಾಸಿಗೆ ಕಂಡದ್ದೇ ಫೇಬಿಯನ್ ಟೋಪಿ ತೆಗೆದ. ಒಳಗೆಲ್ಲ ಅಳೆದ ಮೇಲೆ ಮೆಲ್ಲಗೆ ಹೇಳಿದ: “ಮೇಲಿನ ನೆಲಕ್ಕೆ ನೆರೆಯ ಭಯ ಇಲ್ಲಮ್ಮಾ. ಆದ್ರೆ ಮನುಷ್ಯರು ಮಲಗೋ ಕೋಣೆ ಇದ್ಮೇಲೆ ನಿಮ್ಮ ಮನೆಯ ಕೆಳಗಿನ ನೆಲ ಇದೇ. ಇದನ್ನೇ ಬರೀಬೇಕಾಗುತ್ತೆ.”

“ಕೊಟ್ಟಿಗೆ ಅಂತ ಬರ್ಕೊಳ್ಳಿ ಸ್ವಾಮಿ,” ಎಂದ ಅಲ್ಸೀದ್.

“ಬರೆದ್ರೆ ಸಾಲದು, ಕೊಟ್ಟಿಗೆ ಆಗ್ಲೂ ಬೇಕು. ಹಾಸಿಗೆ, ಏಸಿ, ಒಳಗಿನ ಹಲಗೆ ಎಲ್ಲ ಹೋಗ್ಬೇಕು. ಎರಡು ಗೋಡೆಗಳಲ್ಲಾದ್ರೂ ನೆಲದ ಹತ್ತಿರ ಕಿಂಡಿ ಕೊರೀಬೇಕು. ನೀರು ಗೋಡೇನ ತಳ್ಳದೆ ಒಳಗೆ ಬಂದು ಹೋಗ್ಲಿ ಅಂತ. ಇಲ್ದಿದ್ರೆ ಗೋಡೆ ಬೀಳೋವಾಗ ಕಂಬಾನೂ ಎಳ್ಕೊಂಡು ಬೀಳುತ್ತೆ.”

“ನೀರಿಗೆ ದಾರಿ ಮಾಡಿಕೊಡೋದಾ? ಅವರ ಕೋಣೆಗೆ?” ಕ್ಲೇಲಿಯ ದನಿ ಒಡೆಯಿತು.

ಅವಳಿಗೆ ಅಜ್ಜಿಯ ಕತೆ ನೆನಪಾಯಿತು. ಅಜ್ಜಿ ಹುಡುಗಿಯಾಗಿದ್ದಾಗ ಬಂದ ದೊಡ್ಡ ಬಿರುಗಾಳಿಯಲ್ಲಿ ಮನೆ ಬುಡ ಬಿಟ್ಟೆದ್ದು ತೊಟ್ಟಿಲಿನ ಹಾಗೆ ತೂಗತೊಡಗಿತ್ತಂತೆ. ಅಜ್ಜಿಯ ಅಪ್ಪ ಕೊಡಲಿ ಎತ್ತಿ, ತಾನೇ ಉಜ್ಜಿ ನುಣುಪು ಮಾಡಿದ್ದ ನೆಲದ ಹಲಗೆಯನ್ನು ಕಡಿದು ನೀರನ್ನು ಒಳಗೆ ಬಿಟ್ಟ. ಮನೆ ಭಾರವಾಗಿ ಕುಳಿತಿತು. ಅಗುಳಿ ಹಾಕಿ ಕೂತ ಪಕ್ಕದವರ ಮನೆ, ಕಿಟಕಿಯಲ್ಲಿ ಉರಿಯುವ ದೀಪದ ಸಮೇತ, ತೇಲುತ್ತ ಕತ್ತಲೆಗೆ ಹೋಯಿತು. “ಹೊರಗೆ ನಿಲ್ಲಿಸಿದ ನೀರು ಮನೇನೇ ಹೊತ್ಕೊಂಡು ಹೋಗುತ್ತೆ ಮಗಾ. ಒಳಗೆ ಕರೆದ ನೀರು ಕೂತು ಎದ್ದು ಹೋಗುತ್ತೆ,” ಎನ್ನುತ್ತಿದ್ದಳು ಅಜ್ಜಿ. ಕೊಡಲಿಯ ಮೊದಲ ಏಟಿನ ಬಳಿ ಮಾತ್ರ ಅವಳು ಯಾವಾಗಲೂ ಕತೆ ನಿಲ್ಲಿಸಿ ಕೂತ ನೆಲವನ್ನು ಅಂಗೈಯಿಂದ ಸವರುತ್ತಿದ್ದಳು. ಯಾಕೆಂದು ಪುಟ್ಟ ಕ್ಲೇಲಿ ಕೇಳಿರಲಿಲ್ಲ.

“ಈಗಲೇ ಏನೂ ಬರೀಬೇಡಿ,” ಎಂದಳು ಫೇಬಿಯನ್‌ಗೆ. “ಕಿಂಡಿ ಆದ ಮೇಲೆ ಬನ್ನಿ.”

ಹಾಸಿಗೆ ಮೆಟ್ಟಿಲೇರಿತು. ಒಳಗಿನ ಹಲಗೆಗಳನ್ನು ಕಿತ್ತ ಅಲ್ಸೀದ್ ಗರಗಸ ಹಿಡಿದು ಗೋಡೆಯ ಮುಂದೆ ಕೂತ. ಕೂತವನು ಕೂತೇ ಇದ್ದ. ತಾನೇ ಹೊಡೆದ ಮೊಳೆಗಳು. “ನನ್ನಿಂದ ಆಗಲ್ಲ ಅತ್ತಿಗೆ.”

“ಕೊಡಿಲ್ಲಿ. ಮೊದಲನೇದು ನಾನು.”

ಕಿಟಕಿಯ ಕೆಳಗೆ, ಓವಿಡ್ ತಲೆಯಿಡುತ್ತಿದ್ದ ಕಡೆ, ಅವಳು ಗರಗಸ ಊರಿದಳು. ಮರದ ಹುಡಿ ಮಡಿಲಿಗೆ ಸುರಿಯಿತು. ಮಿಕ್ಕ ಕಿಂಡಿಗಳನ್ನು ಅಲ್ಸೀದ್ ತಲೆಯೆತ್ತದೆ ಕೊರೆದು ಮುಗಿಸಿದ.

ಫೇಬಿಯನ್ ಮತ್ತೆ ಬಂದು, ಕಿಂಡಿಗಳನ್ನೂ ಅಳೆದು, ಮಹಡಿಯ ನೆಲವನ್ನೇ ಕೆಳಗಿನ ನೆಲವೆಂದು ಬರೆದುಕೊಟ್ಟ. ಕಂತು ಇಳಿಯಿತು. ಕ್ಲೇಲಿ ಮೇಲೂರಿಗೆ ಹೋಗಲಿಲ್ಲ.

ಆ ಸಂಜೆ ಅವಳು ಕಾಫಿ ಹಿಡಿದು ಕೆಳಗಿಳಿದಳು. ಮಂಚದ ಕಾಲಿನ ಗುರುತುಗಳ ಮೇಲೆ, ಕಿಂಡಿಯಿಂದ ಬಂದ ತೊರೆಯ ಬೆಳಕು ಅಲುಗಾಡುತ್ತಿತ್ತು. ಯಾವ ದೋಣಿ ಬಂತೆಂದು ಹೇಳಲು ಗೋಡೆಯತ್ತ ತಿರುಗಿದಳು. ಅಷ್ಟರಲ್ಲಿ ದೋಣಿಯ ಸದ್ದೇ ಕಿಂಡಿಯೊಳಗಿಂದ ಬಂದು ಕೋಣೆ ತುಂಬಿತ್ತು.