ನೀರು ಕುಡಿದ ಕೀಬೋರ್ಡ್

ಅಳಿಯ ಹೊಸ ಕೀಬೋರ್ಡ್ ಹಿಡಿದು ಒಳಗೆ ಬಂದ ಗತ್ತು ನೋಡಿದರೆ, ಪ್ರಪಂಚಕ್ಕೆ ಬೆಂಕಿ ಕಂಡುಹಿಡಿದವನೇ ಇವನು ಅನ್ನಬೇಕು. ಯಜಮಾನರು ಹಲ್ಲು ಕಡಿದರು. ಅವರಲ್ಲಿ ಉಳಿದಿದ್ದ ಸದ್ದು ಅದೊಂದೇ. ಗಂಟಲಿನ ಆಪರೇಷನ್ ಆದಮೇಲೆ ದನಿ ಪೂರಾ ಹೋಗಿತ್ತು.

ಚಾವಣಿಗೆ ಪ್ಲಾಸ್ಟರಿನ ಹೂಬಳ್ಳಿಗಳನ್ನು ಅಚ್ಚು ಹೊಯ್ಯುವುದು ಅವರ ಕಸುಬು. ಈಗ ಅವರು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತಿತ್ತು. ಬರೆದು ತೋರಿಸೋಣವೆಂದರೆ ಅವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಮೊಬೈಲಿನ ಗಾಜು ಆ ಒರಟು ಬೆರಳನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಆದರೆ ಕೆಲಸದ ಬಿಳಿ ಧೂಳು ಹಳೆಯ ಕೀಬೋರ್ಡಿನ ಸ್ವಿಚ್ಚುಗಳಿಗೆ ಇಳಿದು, 'ಬಾ' ಎಂದು ಒತ್ತಿದರೆ ಕಂಪ್ಯೂಟರ್ 'ಬಾಬಾಬಾ' ಎಂದು ತೊದಲುತ್ತಿತ್ತು. ಅದೂ ಕೈಕೊಟ್ಟರೆ ಅಳಿಯನೇ ತಮ್ಮ ಬಾಯಾಗುತ್ತಾನಲ್ಲ ಎಂಬುದೇ ಅವರ ಭಯ. "ಮಾವ ಹೇಳೋದೇನಂದ್ರೆ" ಎಂದು ಅವನು ಶುರು ಹಚ್ಚಿಕೊಂಡರೆ, ಮಾವ ಕನಸಿನಲ್ಲೂ ಹೇಳದ್ದೆಲ್ಲ ಹೊರಗೆ ಬರುತ್ತಿತ್ತು.

ಅಂದು ನಾಟಕಮಂದಿರದ ಮ್ಯಾನೇಜರಮ್ಮ ಚಾವಣಿ ಕೆಲಸದ ಮಾತಿಗೆ ಬಂದು ಕೂತಿದ್ದರು. ಕೇಳುವವರು ಸಿಕ್ಕರೆ ಅಳಿಯ ಬಿಡುತ್ತಾನೆಯೇ?

"ಇದರಲ್ಲಿ ಒಂದೊಂದು ಸ್ವಿಚ್ಚಿಗೂ ಒಳಗೆ ಗೋಡೆ ಕಟ್ಟಿದ್ದಾರೆ ಮೇಡಂ. ಧೂಳೂ ಹೋಗಲ್ಲ, ನೀರೂ ಹೋಗಲ್ಲ."

ಅವನು ಜೋಡಿಸಿಕೊಟ್ಟ ಹೊಸ ಕೀಬೋರ್ಡನ್ನು ಯಜಮಾನರು ಟಕಟಕ ಒತ್ತಿದರು. "ಧೂಳು ತಡೆದ್ರೆ ಸಾಕು. ನಾನೇನು ಇದರ ಜೊತೆ ಸ್ನಾನ ಮಾಡ್ತೀನಾ?" ಎಂದಿತು ಕಂಪ್ಯೂಟರ್, ಒಂದಕ್ಷರವೂ ತೊದಲದೆ. ಮ್ಯಾನೇಜರಮ್ಮ ನಕ್ಕುಬಿಟ್ಟರು. ಯಜಮಾನರಿಗೆ ಹೋದ ಜೀವ ಬಂದಂತಾಯಿತು.

ಅಳಿಯನಿಗೆ ಅದು ಚುಚ್ಚಿತು. "ನೋಡಿ ಮಾವ, ಹೇಗಿದೆ ಅಂತ" ಎಂದವನೇ, ಅತಿಥಿಗೆಂದು ಇಟ್ಟಿದ್ದ ಲೋಟದ ನೀರನ್ನು ಕೀಬೋರ್ಡಿನ ಮೇಲೆ ಸುರಿದ. ವೈರು ಕೂಡ ಕಿತ್ತಿರಲಿಲ್ಲ, ಆ ಮಹಾ ಬುದ್ಧಿವಂತ!

ಸ್ವಿಚ್ಚುಗಳಿಗೆ ಏನೂ ಆಗಲಿಲ್ಲ, ನಿಜ. ನೀರು ಅವುಗಳ ಸಂದಿಯಿಂದ ಆರಾಮಾಗಿ ಇಳಿದು, ಯಾವ ಗೋಡೆಯೂ ಇಲ್ಲದ ಕೆಳಗಿನ ಸರ್ಕ್ಯೂಟ್ ಬೋರ್ಡನ್ನು ತೋಯಿಸಿತು. ಕಂಪ್ಯೂಟರ್ "ಕ ಕ ಕ ಕ" ಎಂದು ಸುಮ್ಮನಾಯಿತು. ಕೊಡೆ ಹಿಡಿದು ಕೆರೆಗಿಳಿದವನಿಗೂ ನಿನಗೂ ಏನಪ್ಪಾ ವ್ಯತ್ಯಾಸ ಎಂದು ಕೇಳಲು ಯಜಮಾನರ ಬೆರಳು ತುರಿಸಿತು. ಕೇಳುವುದು ಯಾವುದರಲ್ಲಿ? ಹಳೆಯದನ್ನು ಈ ಪುಣ್ಯಾತ್ಮ ಬೆಳಿಗ್ಗೆಯೇ ಗುಜರಿಗೆ ಹಾಕಿದ್ದ.

ನಾಚಿಕೆಯಾದರೂ ಆಯಿತೇ? ಅದೂ ಇಲ್ಲ. "ಇರ್ಲಿ ಬಿಡಿ ಮೇಡಂ, ನಾನಿದ್ದೀನಲ್ಲ. ಮಾವ ಹೇಳೋದೇನಂದ್ರೆ, ಹತ್ತೇ ದಿನದಲ್ಲಿ ಎಲ್ಲಾ ಒಣಗಿಸಿ ಚಾವಣಿಗೆ ಏರಿಸ್ತೀವಿ."

ಹತ್ತು ದಿನ! ಅಷ್ಟು ದಪ್ಪದ ಅಚ್ಚು ಹಸಿಯಾಗಿ ಮೇಲೇರಿದರೆ ನಾಟಕ ನೋಡುವವರ ತಲೆಯ ಮೇಲೇ ಬೀಳುತ್ತದೆ, ಅದೂ ಯಜಮಾನರ ಹೆಸರಿನಲ್ಲಿ. ಅವರು ಧಡಕ್ಕನೆ ಎದ್ದು, ಒಂದು ಕೈಯಲ್ಲಿ ಅಳಿಯನ ಭುಜ ಹಿಡಿದು, ಪ್ಲಾಸ್ಟರ್ ಮೆತ್ತಿದ್ದ ಇನ್ನೊಂದು ಅಂಗೈಯಿಂದ ಅವನ ಬಾಯಿ ಮುಚ್ಚಿದರು.

ಮ್ಯಾನೇಜರಮ್ಮ ದಂಗಾದರು. ಆಮೇಲೆ ಕುರ್ಚಿಯನ್ನು ಯಜಮಾನರ ಕಡೆಗೆ ತಿರುಗಿಸಿಕೊಂಡರು.

"ಯಜಮಾನ್ರೇ, ಹತ್ತು ದಿನ ಸಾಕಾ?"

ಅವರು ಅಡ್ಡಡ್ಡ ತಲೆಯಾಡಿಸಿದರು.

"ಒಂದು ತಿಂಗಳು?"

ಯಜಮಾನರು ಗೋಡೆಗೊರಗಿಸಿದ್ದ ಅಚ್ಚುಗಳನ್ನು ಒಮ್ಮೆ ನೋಡಿ ಯೋಚಿಸಿದರು. ಆಕೆ ಅವಸರ ಮಾಡದೆ ಕೂತಿದ್ದರು. ಕೊನೆಗೆ ಅವರು ಹೌದೆಂದು ತಲೆಯಾಡಿಸಿದರು.

"ಹಾಗಾದ್ರೆ ತಿಂಗಳೇ ಆಗ್ಲಿ."

ಆಪರೇಷನ್ ಆದಮೇಲೆ ಅವರ ಮುಖ ನೋಡಿ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದವರು ಇವರೊಬ್ಬರೇ. ಯಜಮಾನರ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಬೇಕಿತ್ತು. ಆದರೂ ಅಳಿಯನ ಬಾಯಿಯಿಂದ ಅದನ್ನು ತೆಗೆಯಲಿಲ್ಲ.