ಸುಸ್ತಾಗಿದೆ ಎಂದ ಪೈಲಟ್

ನನ್ನ ಮಗಳು ಕವನ ವಿಮಾನ ಓಡಿಸುತ್ತಾಳೆ. ನಮ್ಮೂರು ಹದಿನಾರು ಗ್ರಾಮದಲ್ಲಿ ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ, ಈಗ ನನ್ನನ್ನು ಕಂಡರೆ ಕೆಲವರು ದಾರಿ ಬದಲಿಸುತ್ತಾರೆ. ಅಂಥವಳು ಹೋದ ವಾರ ಹೇಳದೆ ಕೇಳದೆ ಮನೆಗೆ ಬಂದಳು. ಕೆಲಸದಿಂದ ದೂರ ಇಟ್ಟಿದ್ದಾರಂತೆ.

"ಏನ್ ತಪ್ ಮಾಡ್ದೆ?" ಎಂದು ಕೇಳಿದೆ.

"ಸುಸ್ತಾಗ್ಯದೆ, ಇವತ್ ರಾತ್ರಿ ಓಡ್ಸಕಾಗಲ್ಲ ಅಂದೆ, ಅಷ್ಟೇ ಕಣವ್ವಾ. ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನ ಆಗಿತ್ತು. ಹಿಂದ್ಗಡೆ ಅಷ್ಟೊಂದ್ ಜನ ಕೂತಿರ್ತಾರಲ್ಲಾ."

ನಿದ್ದೆಗಣ್ಣಿನಲ್ಲಿ ಮಿಷನ್ ಮುಂದೆ ಕೂತರೆ ಬೆರಳಿಗೆ ಸೂಜಿ ಇಳಿಯುತ್ತದೆ. ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಹೊಲಿಯುವ ನನಗೆ ಅದು ಗೊತ್ತು. ಇವಳ ಕೈಯಲ್ಲಿರುವುದು ಬರೀ ಸೂಜಿಯಲ್ಲ. ಕಂಪನಿಯವರು ಶಭಾಷ್ ಅನ್ನಬೇಕಿತ್ತು. ಅದು ಬಿಟ್ಟು, ಸೋಮವಾರ ವಿಡಿಯೋ ಕಾಲಿನಲ್ಲಿ ವಿಚಾರಣೆಯಂತೆ. ತಪ್ಪಾಯಿತು ಎಂದರೆ ಕೆಲಸ, ಇಲ್ಲದಿದ್ದರೆ ಮನೆ.

"ತಪ್ಪಾಯ್ತು ಅಂದ್ಬುಡ್ತೀನಿ," ಎಂದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. "ಬಗ್ಗಿದೋರ್ಗೆ ಒಂದ್ ಗುದ್ದು ಜಾಸ್ತಿ ಕಣೇ. ನಿಮ್ಗೊಂದ್ ಯೂನಿಯನ್ ಇಲ್ವಾ?"

"ಯೂನಿಯನ್ ಅದೆ, ನಾನ್ ಸೇರಿಲ್ಲ. ಸೇರುದ್ರೆ ಕ್ಯಾಪ್ಟನ್ ಮಾಡಲ್ಲ ಅಂತಾರೆ. ಯೂನಿಯನ್ ಎಲ್ಲಾ ಫ್ಯಾಕ್ಟರಿಯೋರ್ಗೆ ಅಂತ ಸುಮ್ನಿದ್ದೆ."

ಫ್ಯಾಕ್ಟರಿಯವಳ ಮಗಳ ಬಾಯಲ್ಲಿ ಈ ಮಾತು! ನಮ್ಮ ಹೊಲಿಗೆ ಲೈನಿನಲ್ಲಿ ಒಂದು ಪದ್ಧತಿ ಇದೆ. ಮ್ಯಾನೇಜರು ಯಾರನ್ನೇ ರೂಮಿಗೆ ಕರೆಯಲಿ, ಅಕ್ಕಪಕ್ಕದ ಮಿಷನ್ನಿನವರು ಎದ್ದು ಜೊತೆಗೆ ಹೋಗುತ್ತೇವೆ. ಮಾತಾಡಬೇಕೆಂದೇನಿಲ್ಲ, ನಿಂತರೆ ಸಾಕು. ಒಳಗಿನ ದನಿ ತಾನಾಗಿ ತಗ್ಗುತ್ತದೆ.

"ನಿಮ್ ಯೂನಿಯನ್ನೋರ್ಗೆ ಫೋನ್ ಮಾಡು," ಎಂದೆ.

"ಕಷ್ಟ ಬಂದಾಗ ನೆನಪಾಯ್ತಾ ಅಂತಾರೆ."

"ಅಂದ್ರೆ ಅನ್ನುಸ್ಕೊ. ಒಬ್ಳೇ ಮಾತ್ರ ಓಗ್ಬ್ಯಾಡ."

ಕವನ ಫೋನ್ ಮಾಡಿದಾಗ ಯಾರೂ ಹಾಗೆ ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ಮೈಸೂರಿನಿಂದ ಒಂದು ಕಾರು ಬಂತು. ಇಳಿದವರು ಪೈಲಟ್ ಯೂನಿಯನ್ನಿನ ಕ್ಯಾಪ್ಟನ್ ನಯನ, ಮೂಲ ನಂಜನಗೂಡಿನವರೇ. ಸಿಕ್ಕಿದ್ದ ರಜೆಯನ್ನು ನನ್ನ ಮಗಳಿಗಾಗಿ ಕಳೆದುಕೊಂಡು ಬಂದಿದ್ದರು. ನಾನು ಕೊಟ್ಟ ಇಡ್ಲಿ ತಿಂದು ಕವನಳ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಇನ್ನೊಂದು ಪಕ್ಕದಲ್ಲಿ ನಾನು ಕೂತೆ. ಯಾರೂ ಕರೆದಿರಲಿಲ್ಲ, ಆದರೂ ಕೂತೆ.

ಪರದೆಯ ಮೇಲೆ ಬಂದ ಸಾಹೇಬರು ಮೂವರನ್ನು ಕಂಡು ಕನ್ನಡಕ ಸರಿಮಾಡಿಕೊಂಡರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ಆಮೇಲೆ ಕವನ ಬಿಡಿಸಿ ಹೇಳಿದಳು. ಸುಸ್ತಾದ ಪೈಲಟ್ ವಿಮಾನ ಏರಬಾರದೆಂಬುದು ನಿಯಮ, ನಿಯಮ ಪಾಲಿಸಿದ್ದಕ್ಕೆ ಕ್ಷಮೆ ಕೇಳಬೇಕಾದರೆ ನಾವೆಲ್ಲ ಸದಸ್ಯರೂ ಕೇಳಬೇಕಾಗುತ್ತದೆ, ಎಲ್ಲರನ್ನೂ ಕರೆಯುತ್ತೀರಾ ಎಂದರಂತೆ ನಯನ. ಆಗ ಕವನ ತಲೆ ಎತ್ತಿ, ಅವತ್ತು ಓಡಿಸಿದ್ದರೆ ತಪ್ಪಾಗುತ್ತಿತ್ತು ಎಂದಳಂತೆ. ಇಂಗ್ಲಿಷ್ ಬಾರದಿದ್ದರೂ ಸಾಹೇಬರ ದನಿ ತಗ್ಗಿದ್ದು ನನಗೆ ಅಲ್ಲೇ ತಿಳಿಯಿತು. ಕ್ಷಮೆಯ ಮಾತು ಬಿಟ್ಟರು. ಗುರುವಾರದಿಂದ ಕೆಲಸಕ್ಕೆ ಬರಲು ಹೇಳಿದರು.

ಕಾರಿನ ಬಾಗಿಲು ತೆಗೆಯುತ್ತಾ ನಯನ ಹೇಳಿದರು: "ನಾಳೆ ಹೈದರಾಬಾದಲ್ಲಿ ರಾಹುಲ್ ಅಂತ ಹೊಸ ಪೈಲಟ್ ಒಬ್ಬನ ವಿಚಾರಣೆ ಇದೆ. ಅವನದೂ ಇದೇ ಕೇಸು. ನನಗೆ ಡ್ಯೂಟಿ. ಯಾರನ್ನ ಕಳಿಸೋದೋ ಗೊತ್ತಾಗ್ತಿಲ್ಲ."

ಕವನ ನನ್ನ ಮುಖ ನೋಡಿದಳು. ನೀನೇ ಹೋಗು ಎಂದು ಹೇಳಿಬಿಡಲು ನಾಲಿಗೆ ತುರಿಸುತ್ತಿತ್ತು. ಕಚ್ಚಿ ಹಿಡಿದೆ.

"ನಾನು ಹೋಗ್ತೀನಿ ಮೇಡಂ. ಒಂದೈದು ನಿಮಿಷ, ಬ್ಯಾಗಿಗೆ ಬಟ್ಟೆ ತುಂಬ್ಕೊಂಡ್ ಬತ್ತೀನಿ," ಎಂದಳು.

ನಾನು ಒಳಗೆ ಓಡಿ ಇಡ್ಲಿ, ಚಟ್ನಿ ಕಟ್ಟಿದೆ. ರಾಹುಲನಿಗೂ ಸೇರಿಸಿ ಕಟ್ಟಿದೆ.