ಎಡಗೈ ಅರಸರು

"ಎಡಗೈ" ಎಂದ ಮುರುಗೆಪ್ಪ. ಅಷ್ಟೇ ಹೇಳಿ ಪುಸ್ತಕವನ್ನು ಮೂಗಿನ ಹತ್ತಿರ ತಂದ, ದೂರ ಹಿಡಿದ, ಕೊನೆಗೆ ಪ್ರೆಸ್ಸಿದ್ದ ವಾಡೆಯ ಅಂಗಳದ ಬಿಸಿಲಿಗೆ ಒಯ್ದು ನೋಡಿದ. ಎಲ್ಲಿ ಒಯ್ದರೂ ಅರಸ ವಜ್ರಕೇತು ಕತ್ತಿಯನ್ನು ಎಡಗೈಯಲ್ಲೇ ಹಿಡಿದಿದ್ದ.

ಪುಸ್ತಕ ತಂದವರು ಪ್ರೆಸ್ಸಿನ ಮಾಲೀಕ ಶಿವರುದ್ರಪ್ಪನವರು. ಸೊಲ್ಲಾಪುರದಿಂದ ಬರುವಾಗ ದೌಂಡದಲ್ಲಿ ಮಿಲಿಟರಿ ಗಾಡಿಗೆ ದಾರಿ ಬಿಡಲು ಇವರ ಗಾಡಿಯನ್ನು ಒಂದು ತಾಸು ನಿಲ್ಲಿಸಿದ್ದರು. ಚಹಾಕ್ಕೆಂದು ಇಳಿದವರ ಕಣ್ಣಿಗೆ ಪುಸ್ತಕ ಮಾರುವವನ ಬುಟ್ಟಿಯಲ್ಲಿ ಇದು ಬಿದ್ದಿತ್ತು. ಒಳಗಿನ ಮಾತೆಲ್ಲ ಮರಾಠಿ. ಅಚ್ಚು ಹಾಕಿದವರ ವಿಳಾಸ ಹುಡುಕಿದರೂ ಇಲ್ಲ.

"ಇವ್ರು ನಿಮ್ಮ ಮಂದೀನ ಹೌದಲ್ರಿ, ಮಾಸ್ತರ?" ಎಂದರು.

"ಹೌದ್ರಿ" ಎಂದ ಮುರುಗೆಪ್ಪ. "ನನ್ನ ಮಂದೀನ."

ಅವನ ಮಂದಿ ಎಂದರೆ ಧೂಮಕೇತುದುರ್ಗದ ಅರಸರು. ಮುರುಗೆಪ್ಪನಿಗೆ ಆರು ವರ್ಷವಿದ್ದಾಗ ಬೈಲಹೊಂಗಲದ ಆಕಾಶದಲ್ಲಿ ಬಾಲಚುಕ್ಕಿ ಕಾಣಿಸಿಕೊಂಡಿತ್ತು. ಊರೆಲ್ಲ ಇನ್ನು ಯಾವ ರೋಗ ಬರುತ್ತದೋ, ಯಾವ ದೊರೆ ಸಾಯುತ್ತಾನೋ ಎಂದು ಹೆದರಿ ಕೂತಿದ್ದರೆ, ಅಪ್ಪನ ಹೆಗಲ ಮೇಲಿದ್ದ ಇವನು ಅದರ ಮ್ಯಾಲೆ ಯಾರು ಇರತಾರ ಎಂದು ಕೇಳಿದ್ದ. ಅಪ್ಪ ಉತ್ತರ ಹೇಳಲಿಲ್ಲ. ಮೂವತ್ತೆರಡು ವರ್ಷದ ಮೇಲೆ, ಪುಣೆಯ ಸದಾಶಿವ ಪೇಠದಲ್ಲಿ ಬೀಡಿ ಕಟ್ಟಿನ ಚೀಟಿ, ಎಣ್ಣೆ ಡಬ್ಬಿಯ ಚೀಟಿ ಬರೆದು ಹೊಟ್ಟೆ ಹೊರೆಯುತ್ತಿದ್ದ ಮುರುಗೆಪ್ಪ ತಾನೇ ಉತ್ತರ ಬರೆಯತೊಡಗಿದ. ಭೂಮಿಯಿಂದ ಗಡೀಪಾರಾದ ಒಂದು ಕ್ಷತ್ರಿಯ ಮನೆತನ. ಬಾಲಚುಕ್ಕಿಯ ಮಂಜುಗಡ್ಡೆಯ ಮೇಲೆ ಅವರ ಕೋಟೆ. ಎಪ್ಪತ್ತಾರು ವರ್ಷಕ್ಕೊಮ್ಮೆ ಮಾತ್ರ ಭೂಮಿ ಹತ್ತಿರ ಬರುತ್ತದೆ, ಆದ್ದರಿಂದ ಪ್ರತಿ ಅರಸನಿಗೂ ಜನ್ಮದಲ್ಲಿ ಒಂದೇ ಅವಕಾಶ. ಉಕ್ಕಿನ ಹದ್ದುಗಳನ್ನೇರಿ ಅವರು ಇಳಿಯುತ್ತಾರೆ, ಚಂದ್ರಲೋಕದ ಕಾವಲುಪಡೆ ಮಿಂಚಿನ ನಳಿಕೆ ಹಿಡಿದು ತಡೆಯುತ್ತದೆ, ಅರಸ ಬೀಳುತ್ತಾನೆ, ಕತ್ತಿ ಮಗನ ಕೈ ಸೇರುತ್ತದೆ. ಹೀಗೆ ಆರು ತಲೆಮಾರು ಕಳೆದಿದ್ದವು. ತಿಂಗಳಿಗೊಂದು ಸಣ್ಣ ಕನ್ನಡ ಚಿತ್ರಪುಸ್ತಕ; ಧಾರವಾಡ, ಹುಬ್ಬಳ್ಳಿ, ಸೊಲ್ಲಾಪುರದ ಹುಡುಗರೂ, ಹುಡುಗರ ಹೆಸರು ಹೇಳಿ ದೊಡ್ಡವರೂ ಓದುತ್ತಿದ್ದರು.

ಮುರುಗೆಪ್ಪ ನೇರವಾಗಿ ಕಲ್ಲಿನ ಮೇಲೆ ಬರೆಯುತ್ತಿದ್ದ. ಕಲ್ಲಚ್ಚಿನಲ್ಲಿ ಬರೆದದ್ದು ಕಾಗದದ ಮೇಲೆ ತಿರುಗುಮುರುಗಾಗಿ ಮೂಡುತ್ತದೆ. ಹಾಗಾಗಿ ಅಕ್ಷರ, ಮನುಷ್ಯ, ಕುದುರೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು. ಉಳಿದ ಚಿತ್ರಗಾರರು ಮೊದಲು ಕಾಗದದ ಮೇಲೆ ಬರೆದು, ಅದನ್ನು ಗೆರೆ ಕಾಣುವಂಥ ತೆಳು ನಕಲು ಕಾಗದಕ್ಕೆ ಎತ್ತಿಕೊಂಡು ಕಲ್ಲಿಗೆ ಇಳಿಸುತ್ತಿದ್ದರು. ಮುರುಗೆಪ್ಪನಿಗೆ ಅದು ಹೇಡಿಗಳ ಕೆಲಸ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನಕಲು ಕಾಗದ ಮುಟ್ಟಿದವನಲ್ಲ ಎಂಬ ಮಾತನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಅಚ್ಚಾದ ಮೇಲೆ ಕಲ್ಲು ಬೀಡಿ ಚೀಟಿಗೆ ಬೇಕು. ಮರಳು, ನೀರು ಹಾಕಿ ಕಲ್ಲಿನ ಮೇಲೆ ಕಲ್ಲು ತಿರುವಿ ಹಳೆಯ ಚಿತ್ರವನ್ನು ಉಜ್ಜಿ ತೆಗೆಯುವವನು ಮಲಕಪ್ಪ. ಐವತ್ತೈದರ ಆಸುಪಾಸು, ಅಕ್ಷರ ಬಾರದವನು. ಉಜ್ಜುವ ಮೊದಲು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅರಸರನ್ನು ಒಬ್ಬೊಬ್ಬರನ್ನಾಗಿ ನೋಡುವುದು ಅವನ ರೂಢಿ. ಆಮೇಲೆ ಕಥೆ ಕೇಳುತ್ತಿದ್ದ. ಬಾಲಚುಕ್ಕಿಯ ಮೇಲೆ ಗಾಳಿಯಿಲ್ಲವೆಂದು ಮುರುಗೆಪ್ಪ ಅರಸರ ತಲೆಗೆ ಗಾಜಿನ ಬುರುಡೆ ತೊಡಿಸಿದಾಗ, "ಅಲ್ಲೋ ತಮ್ಮಾ, ಎಲಿ ಅಡಿಕಿ ಹಾಕ್ಕೊಂಡ್ರ ಉಗುಳೂದೆಲ್ಲಿ?" ಎಂದು ಕೇಳಿದ್ದ. ಮುಂದಿನ ತಿಂಗಳು ಬುರುಡೆಗೆ ಒಂದು ಸಣ್ಣ ಕೊಳವೆ ಬಂತು. ಮುರುಗೆಪ್ಪ ಯಾರಿಗೂ ಹೇಳಿರಲಿಲ್ಲ, ಆದರೆ ಅವನು ಬರೆಯುತ್ತಿದ್ದುದು ಸೊಲ್ಲಾಪುರದ ಹುಡುಗರಿಗಾಗಿ ಅಲ್ಲ, ಈ ಮುದುಕನಿಗಾಗಿ.

ಈಗ ಆ ಎಡಗೈ ಅವನನ್ನು ಕುಟುಕತೊಡಗಿತು. ಕಾಗದದ ಮೇಲೆ ವಜ್ರಕೇತುವಿನದು ಬಲಗೈ, ಊರಿಗೆಲ್ಲ ಗೊತ್ತು. ಎಡಗೈ ಇರುವುದು ಕಲ್ಲಿನ ಮೇಲೆ ಮಾತ್ರ. ಹಾಗಾದರೆ ಕದ್ದವನು ಕಲ್ಲು ಕಂಡವನು. ಕಲ್ಲು ಕಾಣುವವರು ಮೂವರು: ತಾನು, ಅಚ್ಚು ಒತ್ತುವ ಬಾಳಪ್ಪ, ಮಲಕಪ್ಪ. ಬಾಳಪ್ಪ ಮಾಲೀಕರ ಸ್ವಂತ ತಮ್ಮ. ಮಾಲೀಕರ ತಮ್ಮನ ಮೇಲೆ ಸಂಶಯಪಡುವ ಕಣ್ಣನ್ನು ದೇವರು ಕೂಲಿಯವರಿಗೆ ಕೊಟ್ಟಿಲ್ಲ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಲಕಪ್ಪ ಕಲ್ಲಿನ ಮುಂದೆ ಅಷ್ಟು ಹೊತ್ತು ಕೂರುವುದೇಕೆ? ಮುಂದೇನು ಮುಂದೇನು ಎಂದು ಕೇಳುವುದೇಕೆ? ಮಗಳು ನಾಗವ್ವನಿಗೆ ಇಳಕಲ್ಲ ಸೀರೆ ಎಲ್ಲಿಂದ ಬಂತು? ನಾಗವ್ವನ ಲಗ್ನ ದೌಂಡದ ರೈಲ್ವೆ ನೌಕರನೊಬ್ಬನ ಮಗನ ಜೊತೆ ಗೊತ್ತಾಗಿತ್ತು. ಮಲಕಪ್ಪ ಆ ತಿಂಗಳು ಎರಡು ಸಲ ದೌಂಡಕ್ಕೆ ಹೋಗಿ ಬಂದಿದ್ದ. ಪುಸ್ತಕ ಸಿಕ್ಕಿದ್ದೂ ದೌಂಡದಲ್ಲಿ. ಮುರುಗೆಪ್ಪ ಒಂದು ದಿನ ಅವನ ಮುಂದೆ ಬೇಕೆಂದೇ, "ನಮ್ಮ ಚಿತ್ರ ಯಾರೋ ಕದ್ದಾರ ಕಾಕಾ" ಎಂದ. ಮಲಕಪ್ಪ ಅಯ್ಯ ಎಂದು ಹೆಗಲ ಮೇಲಿನ ವಸ್ತ್ರ ತೆಗೆದು ಬೆವರು ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುವ ಗಾದೆ ಮುರುಗೆಪ್ಪನಿಗೂ ಗೊತ್ತಿತ್ತು. ಅವತ್ತು ಜ್ಯೇಷ್ಠದ ಬಿಸಿಲಿತ್ತು, ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರು ಎಂಬುದು ಮಾತ್ರ ಹೊಳೆಯಲಿಲ್ಲ.

"ನೀವು ಕಣ್ಣಿಲೆ ನೋಡೀರೇನು?" ಎಂದು ಹೆಂಡತಿ ಚನ್ನಬಸವ್ವ ಕೇಳಿದಳು. "ನೋಡಿಲ್ಲಂದ್ರ ಬಾಯಿ ತಗೀಬ್ಯಾಡ್ರಿ. ಅವರ ಮನ್ಯಾಗ ಲಗ್ನ ಅದ."

ಮುರುಗೆಪ್ಪ ಬಾಯಿ ತೆಗೆಯುವುದಿಲ್ಲ ಎಂದ. ಭಾನುವಾರ ದೌಂಡಕ್ಕೆ ಹೋದ. ಪುಸ್ತಕ ಮಾರುವವನಿಗೆ ಏನೂ ಗೊತ್ತಿರಲಿಲ್ಲ. ಮುಂಬಯಿ ಗಾಡಿಯಲ್ಲಿ ಕಟ್ಟು ಬರುತ್ತದೆ, ಮಾರುತ್ತೇನೆ ಎಂದ. ಅಷ್ಟಕ್ಕೇ ತಿರುಗಿ ಬಂದಿದ್ದರೆ ಆಗುತ್ತಿತ್ತು. ಬರಲಿಲ್ಲ. ರೈಲ್ವೆ ಚಾಳಿನಲ್ಲಿ ಮಲಕಪ್ಪನ ಬೀಗರ ಮನೆ ಕೇಳಿಕೊಂಡು ಹೋಗಿ, ಕೊಟ್ಟ ನೀರು ಕುಡಿದು, ಒಂದೇ ಒಂದು ಮಾತು ಕೇಳಿದ.

"ಮಲಕಪ್ಪ ಕಾಕಾ ಇಲ್ಲಿ ಬಂದಾಗ ಕಾಗದದ ಸುರುಳಿ ಏನರ ತರತಿದ್ರೇನ್ರಿ?"

"ಯಾಕ್ರಿ?" ಎಂದರು ಬೀಗರು.

"ಏನಿಲ್ಲರಿ. ಸುಮ್ಮನ ಕೇಳಿದೆ."

ಸುಮ್ಮನೆ ಕೇಳಲು ಯಾರೂ ಪುಣೆಯಿಂದ ದೌಂಡದವರೆಗೆ ಬರುವುದಿಲ್ಲ ಎಂಬುದು ರೈಲ್ವೆಯವರಿಗೆ ತಿಳಿಯದ ಮಾತಲ್ಲ. ಒಂಬತ್ತು ದಿನಕ್ಕೆ ಅವರ ಕಾಗದ ಬಂತು. ಈ ವರ್ಷ ಲಗ್ನ ಮಾಡಲು ಅನುಕೂಲವಿಲ್ಲ ಎಂದು ಬರೆದಿದ್ದರು. ಆ ಕಾಗದವನ್ನು ಮಲಕಪ್ಪ ಓದಿಸಿಕೊಂಡದ್ದು ಮುರುಗೆಪ್ಪನ ಕೈಯಲ್ಲೇ. ಓದಿ ಮುಗಿಸಿ ಮುರುಗೆಪ್ಪ ಕಾಗದ ಮಡಿಸಿ ಕೊಟ್ಟ. ಕಳ್ಳನಿಗೆ ತಕ್ಕದ್ದಾಯಿತು ಎಂದು ತನಗೆ ತಾನೇ ಹೇಳಿಕೊಂಡ.

ಅದೇ ವಾರ ಮುರುಗೆಪ್ಪನ ಸಂಶಯ ಶಿವರುದ್ರಪ್ಪನವರ ಕಿವಿಗೂ ಬಿದ್ದು, ಅವರು ಮಲಕಪ್ಪನನ್ನು ಕರೆದರು. ಮುರುಗೆಪ್ಪ ಗೋಡೆಗೆ ಆತು ನಿಂತಿದ್ದ. ಮಲಕಪ್ಪ ಒಂದು ಕಲ್ಲನ್ನು ಅರ್ಧ ಉಜ್ಜಿ ಎದ್ದು ಬಂದಿದ್ದ, ಕೈ ತುಂಬ ಮರಳು ನೀರು.

"ನಾ ಒಯ್ದಿಲ್ಲರಿ ಸಾಹುಕಾರ್ರ."

"ಆತಲ್ಲ. ಲಿಂಗ ಮುಟ್ಟಿ ಅಷ್ಟು ಹೇಳ್ರಿ. ಮಾತು ಇಲ್ಲಿಗೇ ಮುಗೀತದ."

ಮಲಕಪ್ಪನ ಕೈ ಕೊರಳಲ್ಲಿದ್ದ ಲಿಂಗದ ಕರಡಿಗೆಯತ್ತ ಎದ್ದಿತು. ಅಲ್ಲಿಯೇ ನಿಂತು ಕೆಳಗಿಳಿಯಿತು.

"ಇಲ್ಲರಿ. ಇದು ಮುಂಜಾನೆದ್ದು ಪೂಜಿ ಮಾಡೂ ಲಿಂಗ. ಇದನ್ನ ಕಟಕಟ್ಟಿಗೆ ತಂದು ಸಾಕ್ಷಿ ನಿಲ್ಲಸಾಕ ನನ್ನಿಂದ ಆಗಂಗಿಲ್ಲ. ಒಯ್ದಿಲ್ಲ ಅಂತ ಬಾಯಿಲೆ ಹೇಳೀನಿ. ಅದು ಸಾಲದಂದ್ರ ಬ್ಯಾಡ ಬಿಡ್ರಿ."

ಆಮೇಲೆ ಮುರುಗೆಪ್ಪನತ್ತ ತಿರುಗಿದ. ಇಷ್ಟು ವರ್ಷ ತಮ್ಮಾ ಎಂದವನು, "ದೌಂಡಕ್ಕ ಹೋಗಿದ್ರಂತಲ್ಲರಿ ಮಾಸ್ತರ" ಎಂದ. ಮುಟ್ಟಲಿಲ್ಲವಲ್ಲ, ಮುಟ್ಟಲಿಲ್ಲವಲ್ಲ ಎಂದು ಮುರುಗೆಪ್ಪನ ಮನಸ್ಸು ಗೆದ್ದವನ ಹಾಗೆ ಕುಣಿಯುತ್ತಿತ್ತು. ಮಲಕಪ್ಪ ಹೋಗಿ ಅರ್ಧ ಉಳಿದ ಕಲ್ಲನ್ನು ಪೂರ್ತಿ ಉಜ್ಜಿದ, ತೊಳೆದು ಗೋಡೆಗೆ ಒರಗಿಸಿದ, ಬಾನಿಯ ಮರಳು ಬಳಿದು ಮೂಲೆಗೆ ಹಾಕಿದ. ಆಮೇಲೆ ಹೊರಟುಹೋದ. ಹೆಂಡತಿ ಮಗಳನ್ನು ಕರೆದುಕೊಂಡು ಸಾಸವಡದಲ್ಲಿ ಬೆಲ್ಲದ ವಖಾರಿಯೊಂದರಲ್ಲಿ ಕೆಲಸಕ್ಕೆ ಸೇರಿದನೆಂದು ಆಮೇಲೆ ತಿಳಿಯಿತು.

ಹೊಸದಾಗಿ ಬಂದವನು ಕಲ್ಲು ಚೆನ್ನಾಗಿಯೇ ಉಜ್ಜುತ್ತಿದ್ದ. ಚಿತ್ರ ಮಾತ್ರ ನೋಡುತ್ತಿರಲಿಲ್ಲ. ಏಳನೆಯ ಅರಸ ನೀಲಕೇತು ಉಕ್ಕಿನ ಹದ್ದಿನ ಮೇಲೆ ಕಾಲಿಟ್ಟು ನಿಂತವನು ನಿಂತೇ ಇದ್ದ. ಅವನನ್ನು ಭೂಮಿಗೆ ಇಳಿಸಬೇಕೋ ಬೀಳಿಸಬೇಕೋ ಮುರುಗೆಪ್ಪನಿಗೆ ತೋಚಲಿಲ್ಲ.

ಶ್ರಾವಣದಲ್ಲಿ ಶಿವರುದ್ರಪ್ಪನವರು ಹೊಸ ಮಾತು ತಂದರು. ಮೊದಲ ನಾಲ್ಕು ಭಾಗ ಖರ್ಚಾಗಿವೆ, ಹುಬ್ಬಳ್ಳಿಯವರು ಕೇಳುತ್ತಿದ್ದಾರೆ, ಮತ್ತೆ ಅಚ್ಚು ಹಾಕಬೇಕು. "ಇದ್ದದ್ದು ಇದ್ದಂಗ ಬರಬೇಕ್ರಿ. ಒಂದು ಗೆರಿ ಹೆಚ್ಚುಕಮ್ಮಿ ಆಗಬಾರದು." ಹಳೆಯ ಕಲ್ಲುಗಳೆಲ್ಲ ಉಜ್ಜಿ ಹೋಗಿದ್ದವು. ಉಳಿದದ್ದು ಅಚ್ಚಾದ ಪುಸ್ತಕ ಮಾತ್ರ. ಮುರುಗೆಪ್ಪ ಜನ್ಮದಲ್ಲಿ ಮೊದಲ ಸಲ ನಕಲು ಕಾಗದ ತರಿಸಿದ. ತನ್ನದೇ ವಜ್ರಕೇತುವಿನ ಮೇಲೆ ಅದನ್ನು ಹಾಸಿ ಗೆರೆ ಎತ್ತಿದ, ಹಿಂಬದಿಗೆ ಕೆಮ್ಮಣ್ಣು ಸವರಿದ, ಕಲ್ಲಿನ ಮೇಲಿಟ್ಟು ಮೊಂಡು ಸೂಜಿಯಿಂದ ತಿದ್ದಿದ. ಅಕ್ಷರಗಳಿಗೆ ನಕಲು ಬೇಕಿರಲಿಲ್ಲ, ಅವು ಎಂದಿನಂತೆ ಕೈಯಿಂದ ತಿರುಗುಮುರುಗಾಗಿ ತಾವೇ ಇಳಿದವು. ಕೆಲಸ ಇಷ್ಟು ಸುಲಭವೇ ಎಂದು ಒಳಗೊಳಗೇ ನಾಚಿಕೆಯೂ ಆಯಿತು.

ಬಾಳಪ್ಪ ಮೊದಲ ಪ್ರತಿ ಒತ್ತಿ ತಂದ. ಯುದ್ಧದಿಂದ ಕಾಗದದ ಕಂಟ್ರೋಲು ಬಂದ ಮೇಲೆ ಸಿಗುತ್ತಿದ್ದ ತೆಳ್ಳನೆಯ ಕಾಗದ, ಬೆರಳು ಕಾಣುವಂಥದ್ದು. ಅಕ್ಷರಗಳೆಲ್ಲ ಸರಿಯಾಗಿದ್ದವು. ಅರಸ ವಜ್ರಕೇತು ಕತ್ತಿಯನ್ನು ಎಡಗೈಯಲ್ಲಿ ಹಿಡಿದಿದ್ದ.

"ನಕಲು ಕಾಗದ ಬೋರಲ ಹಾಕೂದು ಮರತ್ರೇನು ಮಾಸ್ತರ?" ಎಂದು ಬಾಳಪ್ಪ ನಕ್ಕ. "ಪುಸ್ತಕ ನೋಡಿ ಕಲ್ಲಿಗೆ ಎತ್ತೂ ಹೊಸಬರು ಎಲ್ಲಾರೂ ಹಿಂಗಽ ಮಾಡ್ತಾರ."

ಮುರುಗೆಪ್ಪ ಪೆಟ್ಟಿಗೆಯಿಂದ ದೌಂಡದ ಪುಸ್ತಕ ತೆಗೆದು ಪಕ್ಕಕ್ಕಿಟ್ಟ. ಎರಡರಲ್ಲೂ ಅದೇ ಎಡಗೈ. ಕದ್ದವನು ಕಲ್ಲು ಕಂಡವನಲ್ಲ. ಎಲ್ಲಿಯೋ ಒಬ್ಬ ಅರೆಬೆಂದ ಕೆಲಸಗಾರ, ಎರಡಾಣೆ ಕೊಟ್ಟು ಪುಸ್ತಕ ಕೊಂಡು, ಚಿತ್ರ ಎತ್ತಿ, ಮರಾಠಿ ಅಕ್ಷರ ತಾನು ಬರೆದಿದ್ದ. ಇದು ಕಲ್ಲಚ್ಚಿನವರಿಗೆ ಮೊದಲ ವಾರದಲ್ಲೇ ತಿಳಿಯುವ ವಿಷಯ. ನಕಲು ಮಾಡದ ದೊಡ್ಡಸ್ತಿಕೆಯಲ್ಲಿ ಮುರುಗೆಪ್ಪನೊಬ್ಬನಿಗೇ ತಿಳಿದಿರಲಿಲ್ಲ. ಒಬ್ಬ ಹುಡುಗಿಯ ಲಗ್ನ ಮುರಿದಿದ್ದ, ಒಬ್ಬ ಮನುಷ್ಯನ ಮಾನ ಕಳೆದಿದ್ದ. ಆ ಪ್ರತಿಯನ್ನು ಮುರುಗೆಪ್ಪ ಮುದುಡಿ ಜೇಬಿಗಿಟ್ಟ. ಅಳು ಬಂತು, ಬಾಳಪ್ಪ ಇದ್ದನೆಂದು ನುಂಗಿಕೊಂಡ.

ಚನ್ನಬಸವ್ವ ಬೈಯಲಿಲ್ಲ. "ಹೋಗಿ ಕಾಲು ಹಿಡೀರಿ" ಎಂದಳು, ಅಷ್ಟೇ.

ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಮೋಟಾರು ದಿವೆ ಘಾಟಿನಲ್ಲಿ ಏರಲಾರದೆ ನಿಂತಿತು. ಜನ ಇಳಿದು ನಡೆದರು, ಮುರುಗೆಪ್ಪನೂ ನಡೆದ. ಸಾಸವಡ ಮುಟ್ಟಿದಾಗ ಮಧ್ಯಾಹ್ನ. ವಖಾರಿಯ ಹಿಂದೆ ಒಂದು ಕೋಣೆ, ಅದರ ಬಾಗಿಲಲ್ಲಿ ಮಲಕಪ್ಪ ಕೂತಿದ್ದ. ಮೈಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ಕಂಡು ಎದ್ದು ನಿಂತ.

"ಬರ್ರಿ ಮಾಸ್ತರ. ನಾಗವ್ವಾ, ನೀರು ತಾ."

ನಾಗವ್ವ ತಂಬಿಗೆ ಹೊಸ್ತಿಲ ಹತ್ತಿರ ಇಟ್ಟು, ಮುಖ ನೋಡದೆ ಒಳಗೆ ಹೋದಳು. ಮುರುಗೆಪ್ಪ ನೀರು ಮುಟ್ಟಲಿಲ್ಲ. ನಿಂತೇ ಎಲ್ಲ ಹೇಳಿದ. ನಕಲು ಕಾಗದ, ಬಾಳಪ್ಪನ ನಗೆ, ತನ್ನ ಸೊಕ್ಕು, ಯಾವುದನ್ನೂ ಮುಚ್ಚಲಿಲ್ಲ. ಬಗ್ಗಿ ಕಾಲು ಹಿಡಿಯಹೋದರೆ ಮಲಕಪ್ಪ ಹೊಸ್ತಿಲೊಳಗೆ ಒಂದು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ. ಹಂಗ ಮಾಡಬ್ಯಾಡ್ರಿ."

"ತಿರುಗಿ ಬಾ ಕಾಕಾ. ಸಾಹುಕಾರ್ರಿಗೆ ಎಲ್ಲಾ ಹೇಳೀನಿ. ದೌಂಡಕ್ಕೂ ನಾನಽ ಹೋಗಿ ಹೇಳ್ತೀನಿ."

"ಆ ಹುಡುಗಂದು ಮೊನ್ನೆ ಲಗ್ನ ಆತ್ರಿ" ಎಂದ ಮಲಕಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಸೊಲ್ಲಾಪುರದ ಕಡೆ ಹೆಣ್ಣು ಅಂತ."

ವಖಾರಿಯಲ್ಲಿ ಯಾರೋ ಬೆಲ್ಲದ ಪೆಂಟೆ ಎಣಿಸುತ್ತಿದ್ದರು. ಮುರುಗೆಪ್ಪ ಜೇಬಿನಿಂದ ಆ ಹಾಳಾದ ಪ್ರತಿ ತೆಗೆದು, ಸುಕ್ಕು ಬಿಡಿಸಿ, ಸಾಕ್ಷಿಗೆಂಬಂತೆ ಮಲಕಪ್ಪನ ಕೈಗೆ ಕೊಟ್ಟ.

ಮಲಕಪ್ಪ ಅಚ್ಚಾದ ಪುಸ್ತಕವನ್ನು ಎಂದೂ ಬಿಡಿಸಿ ನೋಡಿದವನಲ್ಲ, ಅವನ ಕಣ್ಣಿಗೆ ಗೊತ್ತಿದ್ದದ್ದು ಕಲ್ಲು ಮಾತ್ರ. ಬೆರಳನ್ನು ಕಾಗದಕ್ಕೆ ತಾಗಿಸದೆ ಗೆರೆಗುಂಟ ಆಡಿಸಿದ.

"ಎಲ್ಲಿ ತಪ್ಪೈತ್ರಿ ಇದರಾಗ? ವಜ್ರಕೇತು ಇರೂದಽ ಹಿಂಗ."

ಒಳಗೆ ಮಬ್ಬು ಎಂದು ಅವನು ಬಾಗಿಲಿಗೆ ಬಂದು ಕಾಗದವನ್ನು ಎರಡೂ ಕೈಯಲ್ಲಿ ಬೆಳಕಿಗೆ ಎತ್ತಿ ಹಿಡಿದ. ತೆಳ್ಳನೆಯ ಕಾಗದದಲ್ಲಿ ಮಸಿ ಹಿಂಬದಿಯಿಂದಲೂ ಕಾಣುತ್ತಿತ್ತು. ಅಂಗಳದಲ್ಲಿ ನಿಂತ ಮುರುಗೆಪ್ಪನಿಗೆ ಅರಸ ಬಲಗೈಯಲ್ಲಿ ಕತ್ತಿ ಹಿಡಿದಿದ್ದ. ಅದರ ಹಿಂದಿದ್ದ ಮಲಕಪ್ಪನ ಮುಖ ಕಾಣುತ್ತಿರಲಿಲ್ಲ. ಕಾಗದ ಕೆಳಗಿಳಿಯಲೆಂದು ಮುರುಗೆಪ್ಪ ಕಾಯುತ್ತ ನಿಂತ. ಮಲಕಪ್ಪ ಇಳಿಸಲಿಲ್ಲ.